ಅಳ್ಳು ರಕ್ಷಣಾ ಮೀಮಾಂಸೆ

ಉರುಕುಂದದ ಈರಣ್ಣಸ್ವಾಮಿಯ ಜಾತ್ರೆ ಶ್ರಾವಣದಲ್ಲಿ. ನಾಗರಪಂಚಮಿಯ ಅಳ್ಳೂ ಶ್ರಾವಣದಲ್ಲಿ. ಆದ್ದರಿಂದ ಆದೋನಿ ಸೀಮೆಯ ಕನ್ನಡದ ಅಡುಗೆಮನೆಗಳನ್ನು ಕಾಡುವ ಮಹಾಪ್ರಶ್ನೆಯೂ ಶ್ರಾವಣದ್ದೇ: ಪಂಚಮಿಗೆ ಹುರಿದ ಜೋಳದ ಅಳ್ಳು, ಜಾತ್ರೆಗೆಂದು ರಾಯಚೂರು ಬಳ್ಳಾರಿಗಳಿಂದ ಬರುವ ಬೀಗರ ಬಾಯಿ ಸೇರುವ ತನಕ ಗರಿಗರಿಯಾಗಿ ಉಳಿಯುವುದೆಂತು? ಡಬ್ಬಿಯ ಮುಚ್ಚಳ ಸಡಿಲ ಬಿಟ್ಟಳೆಂದು ಸೊಸೆಯನ್ನು ದೂರುವ ಪಂಥ ಒಂದಿದೆ. ಸೊಸೆಯ ಪಕ್ಷದವರು ಮಳೆಗಾಲವನ್ನು ದೂರುತ್ತಾರೆ. ಎರಡೂ ಅರೆಬರೆ ದರ್ಶನಗಳು. ಅಳ್ಳನ್ನು ಕಾಪಾಡುವ ನಿರಪಾಯದ ವಿಧಾನ ಒಂದೇ, ಅದನ್ನು ಜೋಳವಾಗಿಯೇ ಇಟ್ಟುಕೊಳ್ಳುವುದು ಎಂಬುದು ಇಲ್ಲಿನ ಸಿದ್ಧಾಂತ.

ಪ್ರಮಾಣಗಳನ್ನು ನೋಡೋಣ. ಕಾಳಿನೊಳಗಿನ ನೀರು ಕಾದು ಆವಿಯಾಗಿ, ಒತ್ತಡ ತಾಳದೆ ಸಿಪ್ಪೆ ಸಿಡಿದಾಗ ಒಳಗಿನ ಹಿಟ್ಟು ನೊರೆಯಂತೆ ಉಬ್ಬಿ ಗಟ್ಟಿಯಾಗುತ್ತದೆ. ಪಾಪ್‌ಕಾರ್ನ್ ಮೆಕ್ಕೆಜೋಳಕ್ಕೆ ಸುಮಾರು ಶೇ. 14 ತೇವ, 180 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅಳ್ಳಿನ ಜೋಳದ ತತ್ತ್ವವೂ ಅದೇ. ಅದಕ್ಕೇ ಬಲ್ಲವರು ಹಿಂದಿನ ದಿನ ಜೋಳಕ್ಕೆ ಬಿಸಿನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಮರುದಿನ ಕಾದ ಬಾಣಲೆಗೆ ಒಂದೊಂದೇ ಹಿಡಿ ಸುರಿದು, ಬಟ್ಟೆಯ ಉಂಡೆಯಿಂದ ಒತ್ತುತ್ತ ಆಡಿಸುತ್ತಾರೆ. ಹೀಗೆ ನೀರನ್ನೆಲ್ಲ ಕಳೆದುಕೊಂಡು, ಮೈಯೆಲ್ಲ ತೂತಾಗಿ ಹೊರಬಿದ್ದ ಜೀವ ಶ್ರಾವಣದ ಗಾಳಿಯ ತೇವ ಹೀರದೆ ಬಿಟ್ಟೀತೆ? ಬಿಸಿ ಆರುವ ಮೊದಲೇ ಡಬ್ಬಿಗೆ ತುಂಬಿದರೆ ಆವಿ ಮುಚ್ಚಳಕ್ಕೆ ಹನಿಗಟ್ಟಿ, ಹೊರಗಿನ ಮಳೆ ಒಳಗೂ ಸುರಿಯುತ್ತದೆ. ಉಪ್ಪು ಹಚ್ಚಿಟ್ಟರಂತೂ ತೇವಕ್ಕೆ ಕೈಯಾರೆ ಆಮಂತ್ರಣ. ಚಾರಿತ್ರಿಕ ಪ್ರಮಾಣವೂ ಉಂಟು: ಜೋಳಕ್ಕಾಗಿ ಹಿರಿಯರು ನೆಲದೊಳಗೆ ಹಗೇವು ತೋಡಿದರು, ಅಳ್ಳಿಗಾಗಿ ಒಂದು ಗುಂಡಿಯನ್ನೂ ತೋಡಲಿಲ್ಲ.

ಪೂರ್ಣ ಆರಿಸಿ, ಉಪ್ಪು ಸೋಕಿಸದೆ, ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಟ್ಟರೆ ಕೆಲವು ದಿನ ಕೆಡದೆಂಬುದು ಪೂರ್ವಪಕ್ಷ. ನಿಜ, ಡಬ್ಬಿ ತೆರೆಯದಿದ್ದರೆ. ಮಕ್ಕಳಿರುವ ಮನೆಯಲ್ಲಿ ಅಂಥ ಡಬ್ಬಿ ಇರುವುದು ತರ್ಕಕ್ಕೆ ನಿಲ್ಲದು. ಅಲ್ಲಿ ಅಳ್ಳು ಮೆತ್ತಗಾಗುವ ಮೊದಲೇ ಮುಗಿಯುತ್ತದೆ, ಅದನ್ನು ಸಂಗ್ರಹಣೆ ಎನ್ನಲಾಗದು. ತೊಲಿ ಏಕಾದಶಿಗೆ ತೆಲುಗರು ಪೇಲಾಲ ಪಿಂಡಿ ಮಾಡುವಂತೆ, ನಮ್ಮವರು ಅಳ್ಳಿಟ್ಟು ಮಾಡುವಂತೆ, ಬೀಸಿಟ್ಟರಾಯಿತಲ್ಲ ಎನ್ನುವವರು ಗರಿಗರಿಯ ಪ್ರಶ್ನೆಯನ್ನೇ ಹಿಟ್ಟು ಮಾಡಿದವರು; ಸೋಲಿಗೆ ಬೆಲ್ಲ ಬೆರೆಸಿದರೆ ಗೆಲುವಾಗದು. ಮೆತ್ತಗಾದದ್ದನ್ನು ಒಣ ಬಾಣಲೆಯಲ್ಲಿ ಮತ್ತೆ ಬೆಚ್ಚಗೆ ಮಾಡಿದರೆ ಗರಿಗರಿ ಮರಳುತ್ತದೆಂಬ ಆಕ್ಷೇಪ ಮಾತ್ರ ಬಲವಾದದ್ದು. ಒಪ್ಪೋಣ. ಆದರೆ ಹೇಗೂ ಬಾಣಲೆ ಒಲೆಗೇರುವುದೇ ಆದರೆ, ಹೊಸ ಜೋಳಕ್ಕೇ ಏರಲಿ. ತೀರ್ಪು ಇಷ್ಟು: ಬೀಗರು ಬಸ್ಸಿಳಿದ ಮೇಲೆಯೇ ಅಳ್ಳು ಹುರಿಯತಕ್ಕದ್ದು, ಸೊಸೆ ನಿರ್ದೋಷಿ.