ವೈಫೈ ಪಂಡಿತ: ಒಂದು ಲಕ್ಷಣ ನಿರೂಪಣೆ

ಕೂದಲೆಳೆಯಷ್ಟು ಸಪೂರವಾದ ಗಾಜಿನ ನೂಲಿನಲ್ಲಿ ಬೆಳಕಾಗಿ ಹರಿದುಬರುವ ಇಂಟರ್ನೆಟ್ಟಿಗೆ ಫೈಬರ್ ಸಂಪರ್ಕವೆಂದು ಹೆಸರು. ಅದು ಕಾಲಿಟ್ಟ ಊರುಗಳಲ್ಲೆಲ್ಲ ಅದರ ಬೆನ್ನಿಗೇ ಒಬ್ಬ ವೈಫೈ ಪಂಡಿತನೂ ಹುಟ್ಟಿಕೊಳ್ಳುತ್ತಾನೆ. ನೀಲಗಿರಿ ಜಿಲ್ಲೆಯ ಪಂದಲೂರು ತಾಲ್ಲೂಕಿನಲ್ಲಿ, ಕೇರಳದ ವಯನಾಡಿಗೆ ಬೆನ್ನು ತಾಗಿಸಿಕೊಂಡು ಚಹಾ ತೋಟಗಳ ನಡುವೆ ಕುಳಿತ ಚೇರಂಬಾಡಿಯಂಥ ಊರಿನಲ್ಲಿ ಈ ತಳಿ ಹುಲುಸಾಗಿ ಬೆಳೆಯುವುದಕ್ಕೆ, ತಮಿಳು, ಮಲಯಾಳ, ಕನ್ನಡ ಮೂರರಲ್ಲೂ ಒಂದೇ ತಪ್ಪು ಸಲಹೆಯನ್ನು ಕೊಡಬಹುದಾದ ಅನುಕೂಲವೂ, ಮುಂಗಾರು ಹಿಡಿದರೆ ಹೊರಗೆ ಕಾಲಿಡಲಾಗದೆ ಟೀವಿಯ ಮುಂದೆ ಕೂರುವ ಜನರೂ ಕಾರಣವೆಂದು ಊಹಿಸಬಹುದು. ಈ ತಳಿಯಲ್ಲಿ ಹೆಂಗಸರು ವಿರಳ. ಅವರಿಗೆ ಬೇರೆ ಕೆಲಸವಿರುತ್ತದೆ.

ಈತನ ವಂಶಮೂಲ ಸ್ಪಷ್ಟವಾಗಿದೆ. ದೂರದರ್ಶನವೊಂದೇ ಇದ್ದ ಕಾಲದಲ್ಲಿ ಹೆಂಚಿನ ಮಾಡು ಹತ್ತಿ, ಮೀನಿನ ಮುಳ್ಳಿನಂತಿದ್ದ ಆಂಟೆನಾವನ್ನು ತಿರುಗಿಸುತ್ತ “ಬಂತಾ? ಈಗ ಬಂತಾ?” ಎಂದು ಕೂಗುತ್ತಿದ್ದವನೇ ಇವನ ಪೂರ್ವಜ. ಆ ಆಂಟೆನಾ ಪ್ರಸಾರ ಗೋಪುರದ ಕಡೆಗೆ ಮುಖಮಾಡಲೇಬೇಕಾಗಿದ್ದುದರಿಂದ ಅವನ ತಿರುಗಾಟಕ್ಕೆ ಅರ್ಥವಿತ್ತು. ಇಂದಿನ ಪಂಡಿತನಾದರೋ ಅದೇ ನಂಬಿಕೆಯನ್ನು ರೌಟರಿಗೆ, ಎಂದರೆ ಬಂದ ಇಂಟರ್ನೆಟ್ಟನ್ನು ರೇಡಿಯೊ ಅಲೆಗಳಾಗಿಸಿ ಮನೆಯೊಳಗೆ ಹಂಚುವ ಪೆಟ್ಟಿಗೆಗೆ, ವರ್ಗಾಯಿಸಿದ್ದಾನೆ. ಅದರ ನಾಲ್ಕೂ ಕಡ್ಡಿಗಳ ತುದಿಯನ್ನು ಟೀವಿಯ ಕಡೆಗೆ ಬಾಗಿಸಿ, ಬಂದೂಕಿಗೆ ಗುರಿ ಹಿಡಿದವನಂತೆ ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ವಾಸ್ತವದಲ್ಲಿ ಆ ಕಡ್ಡಿಯಿಂದ ಅಲೆಗಳು ಹೊರಡುವುದು ಉದ್ದಿನವಡೆಯ ಆಕಾರದಲ್ಲಿ: ಕಡ್ಡಿ ತೂತಿನೊಳಗೆ ನಿಂತಿರುತ್ತದೆ, ಬಲವೆಲ್ಲ ಸುತ್ತಲಿನ ದಪ್ಪ ಭಾಗದಲ್ಲಿರುತ್ತದೆ, ತುದಿಯ ನೇರಕ್ಕೆ ಬಹುಮಟ್ಟಿಗೆ ಏನೂ ಹೋಗುವುದಿಲ್ಲ. ಆದ್ದರಿಂದ ಪಂಡಿತನು ಇಷ್ಟು ಶ್ರಮಪಟ್ಟು ಟೀವಿಗೆ ಬಡಿಸುವುದು ವಡೆಯ ತೂತನ್ನು.

ಯಾವ ವೇಗದ ಸಂಪರ್ಕ ಬೇಕೆಂದು ಕೇಳಿದವರಿಗೆ ಈತ ಸದಾ 300 ಎನ್ನುತ್ತಾನೆ. ವೇಗವನ್ನು ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ಲೆಕ್ಕದಲ್ಲಿ, ಅಳೆಯುತ್ತಾರೆ; ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ ಫುಲ್ ಎಚ್‌ಡಿ ಚಿತ್ರಕ್ಕೆ 5, 4ಕೆ ಚಿತ್ರಕ್ಕೆ 15 ಸಾಕಾಗುವುದರಿಂದ, ಒಂದೇ ಟೀವಿ, ಎರಡು ಮೊಬೈಲ್ ಇರುವ ಮನೆಗೆ 300 ಎಂಬುದು ಒಬ್ಬ ಅತಿಥಿಗೆ ಹಂಡೆ ತುಂಬ ಪಾಯಸ ಕಾಯಿಸಿದಂತೆ. ಅದನ್ನು ಯಾರಾದರೂ ತೋರಿಸಿಕೊಟ್ಟರೆ ಪಂಡಿತ ಮಾತು ತಿರುಗಿಸಿ, ವೈಫೈ ಎಂದರೆ ‘ವೈರ್‌ಲೆಸ್ ಫಿಡೆಲಿಟಿ’ ಎಂದು ಬಿಡಿಸಿ ಹೇಳುತ್ತಾನೆ. 1999ರಲ್ಲಿ ವ್ಯಾಪಾರಕ್ಕೆಂದು ಕಟ್ಟಿದ ಆ ಹೆಸರು ಯಾವುದರ ಸಂಕ್ಷೇಪವೂ ಅಲ್ಲ.

ಹಂಡೆ ತುಂಬ ಬಂದ ಪಾಯಸವೂ ಎಲೆ ಮುಟ್ಟದಿರುವುದಕ್ಕೆ ಕಾರಣ ಮನೆಯೊಳಗೇ ಇರುತ್ತದೆ. ರೌಟರನ್ನು ಮಕ್ಕಳ ಕೈಗೆ ಸಿಗಬಾರದೆಂದು ಮೂಲೆಯ ಕೋಣೆಯಲ್ಲಿ, ಉಕ್ಕಿನ ಬೀರುವಿನ ಹಿಂದೆ ಇಟ್ಟಿರುತ್ತಾರೆ, ಟೀವಿ ಇರುವುದು ಎರಡು ಕಲ್ಲುಗೋಡೆಗಳಾಚೆ. ವೈಫೈ ಸಾಮಾನ್ಯವಾಗಿ ಬಳಸುವ ಎರಡು ತರಂಗಪಟ್ಟಿಗಳಲ್ಲಿ 5 ಗಿಗಾಹರ್ಟ್ಸ್‌ನದು ವೇಗಿ, ಆದರೆ ಗೋಡೆ ಕಂಡರೆ ಬಳಲುತ್ತದೆ, 2.4ರದು ನಿಧಾನಿ, ಗೋಡೆ ದಾಟುವ ಗುಣ ಅದಕ್ಕೆ ಹೆಚ್ಚು. ಲೋಹದ ಬೀರುವಿನೆದುರು ಎರಡೂ ಸೋಲುತ್ತವೆ. “ಆ ಪೆಟ್ಟಿಗೆಯನ್ನೇ ನಡುಮನೆಗೆ ತಂದಿಟ್ಟರೆ ಆಗದಾ ಅಣ್ಣಾ?” ಎಂದು ಮನೆಯಾಕೆ ಕೇಳಿದಾಗ ಪಂಡಿತ ಕನಿಕರದಿಂದ ನಗುತ್ತಾನೆ. “ಅದು ಅಷ್ಟು ಸುಲಭವಲ್ಲ ಅಕ್ಕಾ” ಎಂದು, ಸಂಕೇತವನ್ನು ಹಿಡಿದು ಮತ್ತೆ ಬಿತ್ತರಿಸುವ ರಿಪೀಟರ್ ಎಂಬ ಇನ್ನೊಂದು ಪೆಟ್ಟಿಗೆಯನ್ನು ಕೊಳ್ಳಿಸಿ, ಸಂಕೇತವೇ ಇಲ್ಲದ ಮೂಲೆಯಲ್ಲಿ ಅದನ್ನು ಸಿಕ್ಕಿಸುತ್ತಾನೆ. ರೌಟರಿನಿಂದ ಟೀವಿಗೆ ನೇರವಾಗಿ ಒಂದು ಲ್ಯಾನ್ ವೈರ್ ಎಳೆದರೆ ಈ ಪುರಾಣವೆಲ್ಲ ಮುಗಿಯುತ್ತದೆ; ಹಾಗೆ ಮುಗಿದರೆ ಸಂಜೆಯ ಚಹಾ, ಬಾಳೆಕಾಯಿ ಚಿಪ್ಸ್ ಸಹ ಮುಗಿಯುತ್ತವೆ.

ಆಷಾಢದ ಗಾಳಿಗೆ ಸಿಲ್ವರ್ ಓಕ್‌ನ ಕೊಂಬೆ ಮುರಿದು ಕೇಬಲ್ಲಿನ ಮೇಲೆ ಬಿದ್ದ ದಿನ, ಫೈಬರ್ ಬಂದು ಸೇರುವ ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಗಾಜಿನ ನೂಲಿನಲ್ಲಿ ಬೆಳಕೇ ಬರುತ್ತಿಲ್ಲ ಎಂಬುದು ಅದರ ಅರ್ಥ. ಕೊಡೆ ಮಡಚಿ ಒಳಬಂದ ಪಂಡಿತ, ಆ ದೀಪಕ್ಕೆ ಬೆನ್ನು ಹಾಕಿ ಬೀರುವಿನ ಹಿಂದೆ ತೂರಿಕೊಂಡು, ಕಡ್ಡಿಗಳನ್ನು ಒಂದೊಂದಾಗಿ ಬಾಗಿಸುತ್ತ, ನಡುಮನೆಯತ್ತ ಕೂಗುತ್ತಾನೆ: “ಈಗ ಬಂತಾ?”