ಬೂಷ್ಟು ಮೀಮಾಂಸೆ: ಬಾಡಿಗೆ ಮನೆಯ ಗೋಡೆಯನ್ನು ಕುರಿತ ಒಂದು ಅಧಿಕರಣ

ಮೀಮಾಂಸಕರ ಅಧಿಕರಣಕ್ಕೆ ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ. ಶತಮಾನಗಳ ಕಾಲ ಯಜ್ಞಯಾಗಾದಿಗಳಿಗೇ ಖರ್ಚಾದ ಈ ಪದ್ಧತಿಯನ್ನು ಬೆಂಗಳೂರಿನ ಬಾಡಿಗೆ ಮನೆಯ ಬೂಷ್ಟಿಗೆ ಅನ್ವಯಿಸದಿರುವುದು ಶಾಸ್ತ್ರಲೋಕದ ದೊಡ್ಡ ಲೋಪ. ಅದನ್ನು ತುಂಬುವುದೇ ಈ ಪ್ರಬಂಧದ ಪ್ರಯೋಜನ.

ವಿಷಯ: ಆಷಾಢ ಕಳೆಯುವ ಹೊತ್ತಿಗೆ ಬೀರುವಿನ ಹಿಂದಿನ ಗೋಡೆಯಲ್ಲಿ ಸಾಸಿವೆ ಗಾತ್ರದ ಕಪ್ಪು ಚುಕ್ಕೆಗಳು ಮೂಡುತ್ತವೆ. ಶ್ರಾವಣದಲ್ಲಿ ಅವು ಕೂಡಿಕೊಂಡು ಅಂಗೈಯಗಲವಾಗುತ್ತವೆ. ಪುಟ್ಟಿ ಹಪ್ಪಳದಂತೆ ಉಬ್ಬಿ ಏಳುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆಂದು ತೆಗೆದ ರೇಷ್ಮೆ ಸೀರೆ ಮುಗ್ಗಲು ನಾರುತ್ತದೆ, ಚರ್ಮದ ಬೆಲ್ಟಿನ ಮೇಲೆ ಹಸಿರು ನವಿರು ಕೂತಿರುತ್ತದೆ. ಇದು ಪ್ರತ್ಯಕ್ಷ. ಇನ್ನು ಅನುಮಾನ: ಈ ಗೋಡೆ ತೇವವುಳ್ಳದ್ದು, ಬೂಷ್ಟು ಇರುವುದರಿಂದ, ಎಲ್ಲೆಲ್ಲಿ ಬೂಷ್ಟೋ ಅಲ್ಲಲ್ಲಿ ತೇವ, ಬಚ್ಚಲಮನೆಯಲ್ಲಿ ಕಂಡಂತೆ. ಇಟ್ಟಿಗೆಯೊಳಗಿಂದ ಹೊರಬರುವ ಬಿಳಿ ಉಪ್ಪನ್ನು ಬೂಷ್ಟೆನ್ನುವುದು ಮಾತ್ರ ಹಗ್ಗವನ್ನು ಹಾವೆಂದ ಭ್ರಮೆ. ನೀರು ಚಿಮುಕಿಸಿದರೆ ಉಪ್ಪು ಕರಗುತ್ತದೆ, ಬೂಷ್ಟು ಕರಗುವುದಿಲ್ಲ.

ಸಂಶಯ: ಇದು ಯಾರ ಕರ್ಮಫಲ? ಓನರದೋ, ಬಾಡಿಗೆದಾರನದೋ?

ಪೂರ್ವಪಕ್ಷ: ಓನರ್ ಮತಕ್ಕೆ ಮೂರು ಮೆಟ್ಟಿಲು. ಮೊದಲನೆಯದು ಮಾಯಾವಾದ: "ಬೂಷ್ಟೂ ಇಲ್ಲ ಏನೂ ಇಲ್ಲ, ಅದು ಬರೀ ಕಲೆ ಬಿಡಿ." ಫೋಟೋ ಕಳಿಸಿದ ಮೇಲೆ ಐತಿಹ್ಯ ಪ್ರಮಾಣ: "ನಿಮಗಿಂತ ಮುಂಚೆ ಇದ್ದೋರು ಆರು ವರ್ಷ ಇದ್ರು, ಒಂದಿನಾನೂ ಕಂಪ್ಲೇಂಟ್ ಮಾಡ್ಲಿಲ್ಲ." ಅವರು ಯಾಕೆ ಖಾಲಿ ಮಾಡಿದರೆಂಬಲ್ಲಿ ಐತಿಹ್ಯ ಮೌನ. ಕೊನೆಗೆ ಕರ್ಮಸಿದ್ಧಾಂತ: "ಮನೆಯೊಳಗೇ ಬಟ್ಟೆ ಒಣಗಿಸ್ತೀರ, ಕಿಟಕಿ ತೆಗೆಯೋದೇ ಇಲ್ಲ."

ಉತ್ತರಪಕ್ಷ: "ಕಿಟಕಿ ತೆಗೆದ್ರೆ ಪಕ್ಕದ ಮನೆ ಗೋಡೆ ಕೈಗೆ ಸಿಗುತ್ತೆ ಸಾರ್, ಗಾಳಿ ಎಲ್ಲಿಂದ ಬರ್ಬೇಕು?" ಮೂವತ್ತು ನಲವತ್ತರ ಸೈಟಿನಲ್ಲಿ ಸಂದು ಬಿಡದೆ ಮೂರು ಮಹಡಿ ಎಬ್ಬಿಸಿದ್ದು ಬಾಡಿಗೆದಾರನ ಕರ್ಮವಂತೂ ಅಲ್ಲ. ಆದರೆ ಕರೆಂಟ್ ಬಿಲ್ಲಿಗೆ ಹೆದರಿ ಎಕ್ಸಾಸ್ಟ್ ಫ್ಯಾನ್ ಹಾಕದೆ, ಗೀಸರಿನ ಹಬೆಯನ್ನೆಲ್ಲ ಮಲಗುವ ಕೋಣೆಗೆ ಬಿಟ್ಟುಕೊಂಡದ್ದನ್ನು ಅವನೂ ವಾದದಲ್ಲಿ ಎತ್ತುವುದಿಲ್ಲ.

ಉಳಿದದ್ದು ಶಬ್ದ ಪ್ರಮಾಣ: 1882ರ ಆಸ್ತಿ ವರ್ಗಾವಣೆ ಅಧಿನಿಯಮದ 108ನೇ ಕಲಂ. ಸಂಖ್ಯೆ ಅಷ್ಟೋತ್ತರವಾದ್ದರಿಂದ ಪಾರಾಯಣಯೋಗ್ಯ. ತನಗೆ ಗೊತ್ತಿದ್ದು ಎದುರಿನವನ ಕಣ್ಣಿಗೆ ಸುಲಭಕ್ಕೆ ಬೀಳದ ಮುಖ್ಯ ದೋಷವನ್ನು ಮಾಲೀಕ ಮುಚ್ಚಿಡದೆ ಹೇಳಬೇಕು. ತಾನು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸು ಕೊಟ್ಟರೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ ಬಾಡಿಗೆದಾರನೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬಾಡಿಗೆದಾರನೂ ಸಹಜ ಸವೆತ ಬಿಟ್ಟರೆ ಮನೆಯನ್ನು ಕೊಟ್ಟಂತೆಯೇ ಒಪ್ಪಿಸಬೇಕು. ಆದರೆ ಕಲಮಿನ ಬಾಗಿಲಲ್ಲೇ ಒಂದು ಷರತ್ತು ನಿಂತಿದೆ: ಕರಾರಿನಲ್ಲಾಗಲಿ ಸ್ಥಳೀಯ ರೂಢಿಯಲ್ಲಾಗಲಿ ಬೇರೆ ರೀತಿ ಇಲ್ಲದಿದ್ದರೆ ಮಾತ್ರ. ಕರಾರೆಂದರೆ ಸ್ಟ್ಯಾಂಪ್ ವೆಂಡರ್ ಅಂಗಡಿಯಲ್ಲಿ ಹೆಸರು ಬದಲಿಸಿ ಪ್ರಿಂಟ್ ತೆಗೆದ ಹನ್ನೊಂದು ತಿಂಗಳ ಅಗ್ರಿಮೆಂಟು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಸುಣ್ಣಬಣ್ಣ, ಪೈಪುಗಳನ್ನು ಮಾಲೀಕನಿಗೂ ನಲ್ಲಿಯ ವಾಷರು, ಚರಂಡಿ ಶುದ್ಧಿಯನ್ನು ಬಾಡಿಗೆದಾರನಿಗೂ ಹಂಚಿ, ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದೆಂದಿತು. ಹತ್ತು ತಿಂಗಳ ಅಡ್ವಾನ್ಸು ಎಣಿಸಿಕೊಟ್ಟ ನಗರ ಇದನ್ನು ಅರ್ಥವಾದವೆಂದು, ಅಂದರೆ ಬರೀ ಹೊಗಳಿಕೆಯ ಮಾತೆಂದು, ಬದಿಗಿಟ್ಟಿದೆ.

ನಿರ್ಣಯ: ನೀರು ಯಾರದೋ ಬೂಷ್ಟು ಅವರದು. ನೀರಿನ ಗೋತ್ರ ತಿಳಿಯಲು ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಬೇಕು. ಹನಿ ಹಾಳೆಯ ಒಳಮಗ್ಗುಲಲ್ಲಿ ಕೂತರೆ ತೇವ ಗೋಡೆಯೊಳಗಿನದು: ಸೋರುವ ಪೈಪು, ಬಿರುಕುಬಿಟ್ಟ ಸಜ್ಜಾ, ನೀರು ನಿಲ್ಲುವ ತಾರಸಿ. ಪ್ಲಂಬರನ್ನು ಓನರೇ ಕರೆಸಬೇಕು. ಹೊರಮಗ್ಗುಲಲ್ಲಿ ಕೂತರೆ ಅದು ಕೋಣೆಯ ಹಬೆ. ಫ್ಯಾನ್ ಹಾಕುವುದು, ಬಟ್ಟೆಯನ್ನು ಮಹಡಿಗೆ ಒಯ್ಯುವುದು ಬಾಡಿಗೆದಾರನ ನಿತ್ಯಕರ್ಮ. ಎರಡೂ ಮಗ್ಗುಲಲ್ಲಿ ಕೂತರೆ ದ್ವೈತ, ಖರ್ಚೂ ಇಬ್ಬರದು. ತೇವ ನಿಲ್ಲಿಸದೆ ಮೇಲೆ ಪೇಂಟು ಹೊಡೆಯುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ, ಎಲ್ಲ ಬೀದಿಗಳಲ್ಲೂ ಆಚರಣೆಯಲ್ಲಿದೆ.

ಫಲಶ್ರುತಿ: ಮಳೆಗಾಲಕ್ಕೆ ಮುಂಚೆ ಇದನ್ನೋದಿ ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದವರ ಸೀರೆಗಳು ಉಳಿಯುತ್ತವೆ. ಹಾಳೆಯ ಫೋಟೋವನ್ನು ತಾರೀಕು ಸಮೇತ ಕಳಿಸಿದವರಿಗೆ ವಾದದಲ್ಲಿ ಜಯ. ಪೈಪು ಸರಿಮಾಡಿಸಿದ ಓನರಿಗೆ ದೀರ್ಘಕಾಲದ ಬಾಡಿಗೆದಾರರು ಪ್ರಾಪ್ತಿ. ಖಾಲಿ ಮಾಡುವಾಗ ಪೇಂಟಿಂಗಿಗೆಂದು ಮುರಿದುಕೊಳ್ಳುವ ಒಂದು ತಿಂಗಳ ಬಾಡಿಗೆ ಮಾತ್ರ ಯಾವ ಪಾರಾಯಣದಿಂದಲೂ ವಾಪಸು ಬರುವುದಿಲ್ಲ. ಅದು ಪ್ರಾರಬ್ಧ, ಅನುಭವಿಸಿಯೇ ತೀರಬೇಕು.