ತಪ್ಪನ್ನು ತಯಾರಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಕೈಕೆಲಸ ಮಾತ್ರ ನನ್ನ ಮೇಜಿನ ಮೇಲಿದೆ. ಐದನೇ ಜಾರ್ಜ್ ದೊರೆಯ ಕಾಲಾಣೆ, ನಮ್ಮಜ್ಜಿ ‘ಮೂರು ಕಾಸು’ ಎನ್ನುತ್ತಿದ್ದ ಕಂಚಿನ ಬಿಲ್ಲೆ. ಒಂದು ಕಡೆ ಎಡಕ್ಕೆ ಮುಖ ಮಾಡಿದ ದೊರೆ ಉಬ್ಬಿಕೊಂಡಿದ್ದಾನೆ. ತಿರುಗಿಸಿದರೆ ಅದೇ ದೊರೆ, ಕನ್ನಡಿಯಲ್ಲಿ ಕಂಡಂತೆ ಬಲಕ್ಕೆ ತಿರುಗಿ, ಒಳಕ್ಕೆ ತಗ್ಗಾಗಿ ಕೂತಿದ್ದಾನೆ. ಕಳೆದ ವರ್ಷ ನಾಣ್ಯ ಪ್ರದರ್ಶನವೊಂದರಲ್ಲಿ ಇದನ್ನು ಕೊಂಡೆ. ಎರಡು ತಿಂಗಳು ಕೂಡಿಟ್ಟ ಹಣ ಅದಕ್ಕೆ ಹೋಯಿತು. ‘ಅಪ್ಪಟ ಲಾಖಿ ಸಾರ್’ ಎಂದು ಮಾರಿದವರು ಕೈಗಿಟ್ಟರು. ಅವರೂ ನಂಬಿಯೇ ಹೇಳಿದ್ದಿರಬಹುದು.

ಲಾಖಿ ಹೇಗೆ ಹುಟ್ಟುತ್ತದೆಂದು ನಿಮಗೆ ಗೊತ್ತು. ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಟಂಕಸಾಲೆಯ ಯಂತ್ರದಲ್ಲಿ ಮೇಲೊಂದು ಕೆಳಗೊಂದು ಅಚ್ಚು ಇರುತ್ತದೆ. ನಡುವೆ ಬಿಲ್ಲೆ ಬಂದು ಬೀಳುತ್ತದೆ, ಒತ್ತು ಬೀಳುತ್ತದೆ, ನಾಣ್ಯ ಆಚೆ ಹೋಗುತ್ತದೆ. ಎಂದೋ ಒಮ್ಮೆ ಒತ್ತಿಸಿಕೊಂಡ ನಾಣ್ಯ ಆಚೆ ಹೋಗದೆ ಅಚ್ಚಿಗೇ ಕಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಮುಂದಿನ ಬಿಲ್ಲೆ ಬಂದಿರುತ್ತದೆ. ಅದಕ್ಕೆ ಒಂದು ಬದಿಯಲ್ಲಿ ಅಚ್ಚು ಸಿಗುತ್ತದೆ, ಇನ್ನೊಂದು ಬದಿಯಲ್ಲಿ ಸಿಗುವುದು ತನ್ನ ಹಿಂದಿನ ನಾಣ್ಯದ ಮುಖ. ಹಾಗೆ ಕಚ್ಚಿಕೊಂಡೇ ಇನ್ನಷ್ಟು ಬಿಲ್ಲೆಗಳು ಬಂದರೆ ಬಿಂಬ ಹಿಗ್ಗುತ್ತಾ ಮಸುಕಾಗುತ್ತಾ ಹೋಗುತ್ತದೆ. ಯಾರೋ ನೋಡಿ ಯಂತ್ರ ನಿಲ್ಲಿಸುತ್ತಾರೆ, ಕೆಟ್ಟವನ್ನು ಆರಿಸಿ ಕರಗಿಸಲು ಕಳಿಸುತ್ತಾರೆ. ಅವರ ಕಣ್ತಪ್ಪಿಸಿ ಚೀಲ ಸೇರಿದ ಒಂದೋ ಎರಡೋ ನಮ್ಮವರೆಗೆ ಬರುತ್ತವೆ. ನನಗೆ ಬೇಕಾದದ್ದು ಆ ಒಂದು ಗಳಿಗೆ.

ಟಿಪ್ಪುವಿನ ಆನೆ ಪೈಸೆಗಳನ್ನು ನೀವೂ ಕೈಯಲ್ಲಿ ಹಿಡಿದಿರುತ್ತೀರಿ. ಒಂದರಲ್ಲಿ ಆನೆಗೆ ಸೊಂಡಿಲಿಲ್ಲ, ಇನ್ನೊಂದರಲ್ಲಿ ಕಾಲಿಲ್ಲ. ಸುತ್ತಿಗೆಯಲ್ಲಿ ಹೊಡೆದ ನಾಣ್ಯ, ಅಚ್ಚಿಗಿಂತ ಬಿಲ್ಲೆ ಚಿಕ್ಕದು, ಬಿದ್ದಷ್ಟು ಬಿತ್ತು. ಅದನ್ನು ಯಾರೂ ತಪ್ಪು ಎನ್ನಲಿಲ್ಲ. 1830ರ ಆಸುಪಾಸಿನಲ್ಲಿ ಕಲ್ಕತ್ತಾ, ಬೊಂಬಾಯಿಗಳ ಟಂಕಸಾಲೆಗಳಿಗೆ ಉಗಿಯಂತ್ರ ಬಂತು. 1835ರಲ್ಲಿ ಕಂಪನಿ ತನ್ನ ಸೀಮೆಗೆಲ್ಲ ಒಂದೇ ಬಗೆಯ ರೂಪಾಯಿ ತಂದಿತು. ಎಲ್ಲವೂ ಒಂದೇ ಥರ ಬರಬೇಕು ಎಂದಾದ ಮೇಲೆಯೇ ಬೇರೆ ಥರ ಬಂದದ್ದಕ್ಕೆ ತಪ್ಪು ಎಂಬ ಹೆಸರು ಬಿತ್ತು. ಲಕ್ಷಾಂತರ ಸಲ ಸರಿಯಾಗಿ ನಡೆದ ಕೆಲಸದಲ್ಲಿ ಒಮ್ಮೆ ಎಡವಿದ ಗುರುತು ಅದು. ಅದಕ್ಕೇ ಅದರ ಮೇಲೆ ನನಗೆ ಅಷ್ಟು ಪ್ರೀತಿ.

ನಿಮ್ಮ ಕಾಲಾಣೆಯನ್ನು ಮನೆಗೆ ತಂದ ರಾತ್ರಿಯೇ ತಕ್ಕಡಿಗೆ ಹಾಕಿದೆ. ಕಂಚಿನ ಕಾಲಾಣೆ 4.86 ಗ್ರಾಂ ಇರಬೇಕು. ನೂರು ಕೈ ದಾಟಿ ಸವೆದರೂ ಸ್ವಲ್ಪ ಕಡಿಮೆಯಾದೀತು, ಅಷ್ಟೆ. ಇದು 4.1ಕ್ಕೆ ನಿಂತಿತು. ಭೂತಗನ್ನಡಿ ಹಿಡಿದೆ. ತಗ್ಗಾದ ದೊರೆಯ ಕತ್ತಿನ ಹಿಂದೆ ಅರದ ಗೀರುಗಳು, ಒಂದರ ಪಕ್ಕ ಒಂದು, ಒಂದೇ ದಿಕ್ಕಿಗೆ. ಅಂಚಿನ ಹತ್ತಿರ, ಮೊದಲಿದ್ದ ಹಿಂಬದಿಯ ಹೂಬಳ್ಳಿಯ ಒಂದು ಎಲೆ ಅರ್ಧ ಉಳಿದಿತ್ತು. ತಿರುಗಿಸಿದರೆ ಉಬ್ಬಿದ ದೊರೆಯ ಕೆನ್ನೆ, ಕಿರೀಟದ ಹರಳು ಚಪ್ಪಟೆಯಾಗಿದ್ದವು. ಒಂದು ಬದಿ ಉಜ್ಜಿ ನುಣ್ಣಗೆ ಮಾಡಿ, ಇನ್ನೊಂದು ಕಾಲಾಣೆಯನ್ನು ಅದರ ಮೇಲಿಟ್ಟು, ಬೆಂಚ್ ವೈಸ್‌ನಲ್ಲಿ ತಿರುಚಿ ತಿರುಚಿ ಒತ್ತಿದ್ದೀರಿ. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಅಂಚು ಕತ್ತರಿಸಿದ ನಾಣ್ಯಗಳನ್ನೂ ನೀವು ಮಾಡುತ್ತೀರಿ. ತಗಡಿನಿಂದ ಬಿಲ್ಲೆ ಕೊರೆಯುವಾಗ ಹಿಂದಿನ ತೂತಿನ ಮೇಲೆ ಬಿದ್ದರೆ, ಕಚ್ಚಿದ ಹಪ್ಪಳದಂತೆ ಒಂದು ಬದಿ ಇಲ್ಲದ ಬಿಲ್ಲೆ ಬರುತ್ತದೆ. ಅಂಥದರಲ್ಲಿ ಸರಿಯಾಗಿ ಎದುರಿನ ಅಂಚೂ ಸೊರಗಿರುತ್ತದೆ. ನೀವು ಅರ ಹಾಕಿದ್ದರಲ್ಲಿ ಎದುರಿನ ಅಂಚು ತುಂಬಿಕೊಂಡೇ ಇರುತ್ತದೆ.

ನಮ್ಮ ಬೀದಿಯ ಹುಡುಗರು ಭಾನುವಾರ ಚಿಲ್ಲರೆ ಡಬ್ಬಿ ಹಿಡಿದು ನನ್ನ ಹತ್ತಿರ ಬರುತ್ತಾರೆ. ಯಾರದೋ ವಿಡಿಯೊ ನೋಡಿ, ಈ ಐದು ರೂಪಾಯಿಗೆ ಲಕ್ಷ ಸಿಗುತ್ತದಂತೆ ಅಂಕಲ್ ಎನ್ನುತ್ತಾರೆ. ಹಳೆಯ ನೋಟು, ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು. ಆ ಹುಡುಗರಿಗೆ ನಾನು ಕಲಿಸುವುದು ಒಂದೇ: ನಾಣ್ಯವನ್ನು ಪುಸ್ತಕದ ಹಾಳೆಯಂತೆ ಮಗುಚಿ ನೋಡಿ. ಹಿಂಬದಿ ನೆಟ್ಟಗಿರದೆ ವಾಲಿದ್ದರೆ ಅಚ್ಚು ತಿರುಗಿತ್ತೆಂದು ಅರ್ಥ. ಅಂಥ ಐದು ರೂಪಾಯಿಯೊಂದನ್ನು ಬಸ್ಸಿನ ಚಿಲ್ಲರೆಯಲ್ಲಿ ಒಬ್ಬ ಹುಡುಗಿ ಹುಡುಕಿದಳು. ಮಾರಲು ಒಪ್ಪಲಿಲ್ಲ. ಹತ್ತಿಯಲ್ಲಿ ಸುತ್ತಿ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ನಿಮ್ಮ ಕಾಲಾಣೆಯನ್ನೂ ಅವರಿಗೆ ತೋರಿಸುತ್ತೇನೆ.

ದುಡ್ಡು ವಾಪಸ್ ಬೇಕೆಂದು ಈ ಪತ್ರ ಬರೆಯುತ್ತಿಲ್ಲ. ಎರಡೂ ಕಡೆ ದೊರೆಯಿರುವ ನಿಜವಾದ ಲಾಖಿಗೆ ಇಸವಿ ಇರುವುದಿಲ್ಲ, ಇಸವಿಯ ಅಚ್ಚು ಅದನ್ನು ಮುಟ್ಟಿಯೇ ಇರುವುದಿಲ್ಲ. ಈ ಕಾಲಾಣೆಗೆ ಇಸವಿ ಇತ್ತು. ನೀವು ಉಜ್ಜಿದ್ದು ಆ ಬದಿಯನ್ನೇ. ನನ್ನ ಪ್ರತಿ ನಾಣ್ಯದ ಜೊತೆ ಒಂದು ಚೀಟಿ ಇರುತ್ತದೆ. ಇದರದ್ದರಲ್ಲಿ ದೊರೆಯ ಹೆಸರು, ತೂಕ, ‘ವೈಸ್‌ನಲ್ಲಿ ಒತ್ತಿದ್ದು’ ಎಂದಷ್ಟು ಬರೆದಿದ್ದೇನೆ. ಅರ ಹಾಕುವ ಮೊದಲು ನೀವು ಇಸವಿ ನೋಡಿದ್ದರೆ, ನೆನಪಿದ್ದರೆ, ದಯವಿಟ್ಟು ತಿಳಿಸಿ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಇಂತಿ,
ನಿಮ್ಮ ನಾಣ್ಯ ಕೊಂಡ ಒಬ್ಬ ಸಂಗ್ರಾಹಕ